ಸಹಿ ಉಳೀತು, ಮಾತು ಹೋಯ್ತು: ಲೇಖಕರ ಹಳೇ ಪತ್ರಗಳನ್ನು ಕಾಯೋದು ಹೇಗೆ?

ಹುಮನಾಬಾದಿನ ನಮ್ಮ ಹಳೇ ಮನೆಯ ಸಂದೂಕಿನಲ್ಲಿ ಮುತ್ಯಾನ ಪತ್ರಗಳ ಕಟ್ಟು ಸಿಕ್ಕಾಗ ನಾನಿನ್ನೂ ಎಂಜಿನಿಯರಿಂಗ್ ಓದುತ್ತಿದ್ದೆ. ಮುತ್ಯಾ ಶಾಲಾ ಮಾಸ್ತರ್, ಆಗೀಗ ಪದ್ಯ ಬರೆಯುತ್ತಿದ್ದವರು. ಕಟ್ಟಿನಲ್ಲಿ ಒಬ್ಬ ಹೆಸರಾಂತ ಲೇಖಕರ ಸಹಿ ಕಂಡದ್ದೇ ತಡ, ಆ ಒಂದು ಹಾಳೆಯನ್ನು ಪೇಟೆಗೆ ಒಯ್ದು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದೆ. ಲಕೋಟೆ ಎಸೆದೆ. ಉಳಿದದ್ದೆಲ್ಲ ರದ್ದಿಗೆ ಹೋಯ್ತು.

ಆ ಪತ್ರ ಶುರುವಾಗೋದೇ ಹೀಗೆ: ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’. ಪ್ರಶ್ನೆ ಏನಿತ್ತು? ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಯಿ ಒಂದೇ ಮಾತು ಅಂದಳು: “ಹೆಸರ್ ಇಟ್ಕೊಂಡಿ, ಮಾತ್ ಮಾರ್ದಿ.”

ಲೇಖಕರ ಪತ್ರ ಸಂಗ್ರಹಿಸುವವರು ಮೊದಲು ತಿಳಿಯಬೇಕಾದ್ದು ಇಷ್ಟೇ. ಪತ್ರ ಅಂದರೆ ಅರ್ಧ ಮಾತು. ಉಳಿದರ್ಧ ಇನ್ನೊಬ್ಬರ ಮನೆಯಲ್ಲಿರುತ್ತೆ. ಸಹಿಗೆ ಸಂತೆಯಲ್ಲಿ ಬೆಲೆ ಬರಬಹುದು, ಆದರೆ ಪತ್ರದ ಬೆಲೆ ಇರೋದು ಅದರ ಹಿಂದಿನ, ಮುಂದಿನ ಪತ್ರಗಳ ಜೊತೆಗೆ.

ಸಹಿಯನ್ನೇ ನಂಬಿದರೆ ಮೋಸ ಹೋಗೋದೂ ಸುಲಭ. ಬೇಂದ್ರೆ ‘ಅಂಬಿಕಾತನಯದತ್ತ’ರೂ ಹೌದು, ಮಾಸ್ತಿ ‘ಶ್ರೀನಿವಾಸ’ರೂ ಹೌದು. ಪತ್ರದ ಕೊನೆಯಲ್ಲಿ ಯಾವ ಹೆಸರು ಬರುತ್ತೆ ಅನ್ನೋದು ಯಾರಿಗೆ ಬರೆದದ್ದು ಅನ್ನೋದರ ಮೇಲೂ ಹೋಗುತ್ತೆ. ಆಗ ಕೈಹಿಡಿಯೋದು ಲಕೋಟೆ: ಅಂಚೆ ಮೊಹರು, ಊರು, ತಾರೀಖು, ಸ್ಟಾಂಪು. ನಮ್ಮ ಬೀದರ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಸಂಸ್ಥಾನಕ್ಕೆ ಅದರದ್ದೇ ಅಂಚೆ, ಅದರದ್ದೇ ಸ್ಟಾಂಪು. ತಾರೀಖಿಲ್ಲದ ಪತ್ರದ ಕಾಲವನ್ನು ಅದೊಂದೇ ಹೇಳಿಬಿಡಬಹುದು.

ಈ ಭಾಗದಲ್ಲಿ ಹುಡುಕುವವರು ಭಾಷೆಯನ್ನೂ ಗಮನಿಸಬೇಕು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಸ್ಥಾನಕ್ಕೇರಿದ ಮೊದಲ ಮಹಿಳೆಯಾದ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರು. ಕೊನೆಗೆ ನೆಲೆ ನಿಂತದ್ದು ಪಕ್ಕದ ಬಸವಕಲ್ಯಾಣದಲ್ಲಿ. ಕನ್ನಡ, ಮರಾಠಿ ಎರಡರಲ್ಲೂ ಬರೆದರು. ಇಂಥ ಗಡಿಯಲ್ಲಿ ‘ಕನ್ನಡದ್ದಲ್ಲ’ ಅಂತ ಮರಾಠಿ, ಉರ್ದು ಹಾಳೆಗಳನ್ನು ಪಕ್ಕಕ್ಕಿಟ್ಟರೆ ಮಾತಿನ ಉಳಿದರ್ಧವನ್ನೇ ಎಸೆದಂತೆ.

ಇನ್ನು ಕಾನೂನು. ಪತ್ರ ನಿಮ್ಮ ಕೈಲಿದ್ದರೆ ಕಾಗದ ನಿಮ್ಮದು, ಅದರೊಳಗಿನ ಬರಹ ನಿಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. ಲೇಖಕರು ಬದುಕಿದ್ದಾಗಲೇ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮೇಲೂ 60 ವರ್ಷ ರಕ್ಷಣೆ. ಸತ್ತ ಮೇಲೆ ಮೊದಲ ಸಲ ಪ್ರಕಟವಾದರೆ, ಪ್ರಕಟಣೆಯಿಂದ 60 ವರ್ಷ. ಹಾಗಾಗಿ ಮಾರಬಹುದು, ಕೊಡಬಹುದು. ಒಪ್ಪಿಗೆ ಇಲ್ಲದೆ ಪುಸ್ತಕ ಮಾಡೋ ಹಾಗಿಲ್ಲ. ಸಾಹಿತ್ಯಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ತುಂಬಿದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅನ್ವಯ: ಖಾಸಗಿಯವರು ಅವನ್ನು ದೇಶದಾಚೆ ಕಳಿಸುವಂತಿಲ್ಲ.

ಕಾಪಾಡೋದು ಕಷ್ಟವಲ್ಲ. ಲ್ಯಾಮಿನೇಷನ್ ಬೇಡ, ಬಿಸಿ ಮತ್ತು ಅಂಟು ಹಾಳೆಯನ್ನು ಹಿಡಿದರೆ ಮತ್ತೆ ಬಿಡಿಸೋದು ಕಷ್ಟ. ಸೆಲ್ಲೋಟೇಪ್, ಸ್ಟೇಪ್ಲರ್ ಪಿನ್ನೂ ಬೇಡ: ಒಂದು ಕಂದು ಕಲೆ ಬಿಡುತ್ತೆ, ಇನ್ನೊಂದು ತುಕ್ಕು ಹಿಡಿಯುತ್ತೆ. ಬಿಸಿಲು ಬೀಳದ, ಒಣಗಿದ ಜಾಗದಲ್ಲಿ ಆಮ್ಲರಹಿತ ಕಾಗದದ ಮಡಿಕೆಯೊಳಗೆ ಬಿಡಿಸಿಡಿ. ಸಂಖ್ಯೆ ಹಾಕೋದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ. ಕಟ್ಟು ಸಿಕ್ಕಾಗ ಇದ್ದ ಕ್ರಮವನ್ನು ಕೆಡಿಸುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆ ಕ್ರಮವೂ ಒಂದು ಸಾಕ್ಷಿ.

12ನೇ ಶತಮಾನದ ಕಲ್ಯಾಣದ ವಚನಗಳು ನಮಗೆ ಸಿಕ್ಕಿದ್ದಾದರೂ ಹೇಗೆ? ಯಾರ್‍ಯಾರೋ ತಮ್ಮ ಮನೆಗಳಲ್ಲಿ ತಾಳೆಗರಿಯ ಕಟ್ಟುಗಳನ್ನು ಕಾದಿದ್ದರು. ಫ.ಗು. ಹಳಕಟ್ಟಿ ಅವನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಚೆಂದದ ಒಂದು ಗರಿಯನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಒಲೆಗೆ ಹಾಕಿದ್ದರೆ?

ಮುತ್ಯಾ ಕೇಳಿದ ಆ ಎರಡನೇ ಪ್ರಶ್ನೆ ಲೇಖಕರ ಮನೆಯ ಯಾವುದೋ ಪೆಟ್ಟಿಗೆಯಲ್ಲಿ ಇನ್ನೂ ಇದ್ದೀತು. ಹೋದ ತಿಂಗಳು ಅವರ ಮನೆಯವರಿಗೆ ಕಾಗದ ಬರೆದಿದ್ದೇನೆ. ಅಂಚೆಗೆ ಹಾಕುವ ಮುನ್ನ, ಈ ಸಲ ಒಂದು ನಕಲು ಇಟ್ಟುಕೊಂಡಿದ್ದೇನೆ.