ನಡುಗಡಲಲ್ಲಿ ಎಂಜಿನು ನಿಂತಾಗ

ಕನ್ನಡ ಸಾಹಿತ್ಯವನ್ನು ಓದಿ ಬೆಳೆದವರಿಗೆ ಕಡಲೆಂದೊಡನೆ ಮೊದಲು ನೆನಪಾಗುವುದು ಒಂದು ರೂಪಕ. ಸಂಸಾರಸಾಗರ, ಭವಾಂಬುಧಿ, ದುಃಖದ ಕಡಲು ಎಂದು ಮುಂತಾಗಿ ನಮ್ಮ ಕವಿಗಳೂ ದಾಸರೂ ಅದನ್ನು ದಾಟಿ ಆಚೆಯ ದಡ ಸೇರಬೇಕಾದ ವಸ್ತುವಾಗಿ ಕಂಡರು. ದೋಣಿ ನಡೆಸುವುದನ್ನೇ ಕಾಯಕವಾಗಿ ಉಳ್ಳ ಅಂಬಿಗರ ಚೌಡಯ್ಯ ಹನ್ನೆರಡನೆಯ ಶತಮಾನದಲ್ಲಿಯೇ ಇದ್ದನಾದರೂ ಅವನದು ಹೊಳೆ ದಾಟಿಸುವ ದೋಣಿ. ನಮ್ಮ ಕರಾವಳಿಯ ಮೀನುಗಾರನಿಗಾದರೋ ಕಡಲಿಗೆ ಆಚೆಯ ದಡವಿಲ್ಲ. ಹೋದ ದಡಕ್ಕೇ ಅವನು ಹಿಂದಿರುಗಿ ಬರಬೇಕು. ಹಾಗೆ ಹಿಂದಿರುಗಿ ತರುವ ಎಂಜಿನು ನಡುಗಡಲಲ್ಲಿ ಕೆಟ್ಟು ನಿಂತರೆ ಏನಾಗುತ್ತದೆ, ಬೋಟಿನಲ್ಲಿರುವವರು ಆಗ ಏನು ಮಾಡುತ್ತಾರೆ ಎಂಬುದನ್ನು ತಮ್ಮ ಮುಂದೆ ಇಡುವುದು ಈ ಹೊತ್ತಿನ ಮಾತಿನ ಉದ್ದೇಶ.

ಯಂತ್ರ ನಮ್ಮ ಕಡಲಿಗೆ ಬಂದು ಬಹಳ ಕಾಲವಾಗಿಲ್ಲ. ನಾರ್ವೆ ದೇಶದ ನೆರವಿನ ಮೀನುಗಾರಿಕಾ ಯೋಜನೆ 1953ರ ಸುಮಾರಿಗೆ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಆರಂಭವಾಯಿತು. ಯಾಂತ್ರಿಕ ಬೋಟುಗಳ ಬಳಕೆ ಪಶ್ಚಿಮ ಕರಾವಳಿಯಲ್ಲಿ ಹಬ್ಬಿದ್ದು ಆ ಬಳಿಕ. ಊರಿಗೆ ಊರೇ ಮರಳಿನ ಮೇಲೆ ನಿಂತು ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳ ಮುಂದೆ ಹಿಂದೆ ಸರಿಯಿತು. ಇಂದು ಮಲ್ಪೆ, ಮಂಗಳೂರು, ಗಂಗೊಳ್ಳಿಗಳಿಂದ ಹೊರಡುವ ಆಳಸಮುದ್ರದ ಬೋಟುಗಳು ಮಂಜುಗಡ್ಡೆ, ಡೀಸೆಲು, ಅಕ್ಕಿ, ಕುಡಿಯುವ ನೀರು ತುಂಬಿಕೊಂಡು ಹತ್ತು ದಿನವೋ ಅದಕ್ಕೂ ಹೆಚ್ಚೋ ದಡ ಕಾಣದೆ ದುಡಿಯುತ್ತವೆ. ಹಾಯಿದೋಣಿಯಲ್ಲಿ ಕೆಡುವ ವಸ್ತುಗಳು ಕಡಮೆ. ಕೆಟ್ಟರೂ ಕೈಯಿಂದ ಹೊಲಿಯಬಹುದು, ಕಟ್ಟಬಹುದು. ಎಂಜಿನು ದೂರವನ್ನು ಗೆದ್ದುಕೊಟ್ಟಿತು. ದಡದಿಂದ ಅಷ್ಟು ದೂರದಲ್ಲಿ ತಾನೇ ನಿಂತುಹೋಗುವ ಭಯವನ್ನೂ ಜೊತೆಗೇ ತಂದಿತು.

ನೆಲದ ಮೇಲೆ ಬಸ್ಸು ಕೆಟ್ಟರೆ ಅದು ಕೆಟ್ಟ ಜಾಗದಲ್ಲಿಯೇ ನಿಂತಿರುತ್ತದೆ. ಪ್ರಯಾಣಿಕರು ಇಳಿದು ಮರದ ನೆರಳಿಗೆ ಹೋಗಬಹುದು. ಕಡಲಿನಲ್ಲಿ ಎಂಜಿನು ನಿಂತರೆ ಬೋಟು ನಿಲ್ಲುವುದಿಲ್ಲ. ಅಲ್ಲಿಯವರೆಗೆ ತಾಂಡೇಲನ ಮಾತು ಕೇಳುತ್ತಿದ್ದದ್ದು ಅಂದಿನಿಂದ ಗಾಳಿ, ಸೆಳೆತಗಳ ಮಾತು ಕೇಳತೊಡಗುತ್ತದೆ. ನೀರನ್ನು ಸೀಳಿ ಹೋಗುವಾಗ ಮಾತ್ರ ಚುಕ್ಕಾಣಿಗೆ ಬೆಲೆ. ಚಲನೆ ತಪ್ಪಿದ ಬೋಟಿಗೆ ಚುಕ್ಕಾಣಿ ಇದ್ದೂ ಇಲ್ಲದಂತೆ. ಅದು ಮೆಲ್ಲಗೆ ತಿರುಗಿ ಅಲೆಗೆ ತನ್ನ ಮಗ್ಗುಲನ್ನು ಕೊಡುತ್ತದೆ. ಅಪಾಯವಿರುವುದು ಅಲ್ಲಿ. ಮೂತಿಗೆ ಬಡಿದ ಅಲೆ ಒಡೆದು ಎರಡು ಕಡೆ ಸರಿಯುತ್ತದೆ, ಮಗ್ಗುಲಿಗೆ ಬಡಿದ ಅಲೆ ಬೋಟನ್ನು ಹೊರಳಿಸುತ್ತದೆ.

ಆದುದರಿಂದ ಅನುಭವಸ್ಥನಾದ ತಾಂಡೇಲ ಮೊದಲು ಎಂಜಿನಿನ ಬಳಿಗೆ ಓಡುವುದಿಲ್ಲ. ಬೋಟಿನ ಮೂತಿ ಅಲೆಗೆ ಎದುರಾಗಿರುವಂತೆ ಮಾಡುವುದು ಅವನ ಮೊದಲ ಕೆಲಸ. ನೀರು ಆಳವಿಲ್ಲದ ಕಡೆ ಲಂಗರು ಹಾಕಬಹುದು. ಹಗ್ಗವನ್ನು ಧಾರಾಳವಾಗಿ ಬಿಡಬೇಕು: ಸೌಮ್ಯ ಹವೆಯಲ್ಲಿ ನೀರಿನ ಆಳದ ಮೂರು ಪಟ್ಟು, ಗಾಳಿಯಿದ್ದರೆ ಐದರಿಂದ ಏಳು ಪಟ್ಟು. ಹಗ್ಗ ಗಿಡ್ಡವಾದರೆ ಲಂಗರು ಮೇಲಕ್ಕೆ ಎಳೆಯಲ್ಪಟ್ಟು ತಳವನ್ನು ಬಿಡುತ್ತದೆ. ಉದ್ದವಾದರೆ ನೆಲಕ್ಕೆ ಒರಗಿ ಕಚ್ಚಿ ಹಿಡಿಯುತ್ತದೆ. ನೂರು ಮೀಟರು ಆಳದಲ್ಲಿ ಇದು ಸಾಗದು. ಅಲ್ಲಿ ಬಲೆಯ ಕಟ್ಟನ್ನೋ ಬುಟ್ಟಿಗಳನ್ನೋ ಉದ್ದವಾದ ಹಗ್ಗಕ್ಕೆ ಕಟ್ಟಿ ಮೂತಿಯಿಂದ ನೀರಿಗೆ ಬಿಡುತ್ತಾರೆ. ಅದು ತಳ ಮುಟ್ಟದಿದ್ದರೂ ನೀರಿನಲ್ಲಿ ಭಾರವಾಗಿ ಜಗ್ಗುತ್ತ ಬೋಟಿನ ಮುಖವನ್ನು ಗಾಳಿಗೆ ತಿರುಗಿಸಿ ಇಡುತ್ತದೆ. ಇಷ್ಟಾದ ಮೇಲೆ ರೋಗವೇನೆಂದು ನೋಡಲು ಪುರಸೊತ್ತು ದೊರೆಯುತ್ತದೆ.

ಡೀಸೆಲ್ ಎಂಜಿನಿಗೆ ಕಿಡಿ ಹೊತ್ತಿಸುವ ಸಾಧನ ಬೇಕಿಲ್ಲ. ಉರುಳೆಯೊಳಗೆ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಶಾಖಕ್ಕೆ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದುದು ಶುದ್ಧವಾದ ಎಣ್ಣೆ, ಸಾಕಷ್ಟು ಗಾಳಿ ಮತ್ತು ತಂಪು. ಈ ಮೂರರಲ್ಲಿ ಹೆಚ್ಚಾಗಿ ಕೈಕೊಡುವುದು ಎಣ್ಣೆ. ಡೀಸೆಲು ನೀರಿಗಿಂತ ಹಗುರ. ಟ್ಯಾಂಕಿನಲ್ಲಿ ಸೇರಿದ ನೀರೂ ಕಸವೂ ತಳದಲ್ಲಿ ತಂಗಿರುತ್ತವೆ. ಕಡಲು ಶಾಂತವಾಗಿರುವಷ್ಟು ದಿನ ಅವು ಅಲ್ಲಿಯೇ ಮಲಗಿದ್ದು ಯಾರಿಗೂ ತೊಂದರೆ ಕೊಡುವುದಿಲ್ಲ. ಅಲೆ ಎದ್ದು ಬೋಟು ಹೊಯ್ದಾಡತೊಡಗಿದಾಗ ತಳದ ಹೊಲಸೆಲ್ಲ ಕಲಕಿ ಮೇಲೆದ್ದು ಸೋಸಕವನ್ನು ಕಟ್ಟುತ್ತದೆ. ಎಂಜಿನು ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ಅದು ಕೈಕೊಡುವುದಕ್ಕೆ ದೈವವನ್ನು ದೂರಬೇಕಾಗಿಲ್ಲ; ಕಾರಣ ಟ್ಯಾಂಕಿನ ತಳದಲ್ಲಿದೆ. ಸೋಸಕವನ್ನು ಬದಲಿಸಿದರೂ ಎಂಜಿನು ಒಡನೆಯೇ ಹೊರಡದು, ಏಕೆಂದರೆ ಎಣ್ಣೆಯ ಕೊಳವೆಯೊಳಗೆ ಗಾಳಿ ಸೇರಿರುತ್ತದೆ. ಸೋಸಕದ ಮೇಲಿನ ಚಿಕ್ಕ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಗಳೆಲ್ಲ ಹೋಗಿ ಅಚ್ಚ ಎಣ್ಣೆ ಬರುವವರೆಗೂ ಕಾಯಬೇಕು. ಆಮೇಲೆ ತಿರುಪನ್ನು ಬಿಗಿಯಬೇಕು. ಅವಸರಪಟ್ಟು ಸ್ಟಾರ್ಟರನ್ನೇ ಮತ್ತೆ ಮತ್ತೆ ಒತ್ತುವವನು ಬ್ಯಾಟರಿಯನ್ನು ಬರಿದು ಮಾಡಿಕೊಂಡು ಒಂದು ರೋಗವನ್ನು ಎರಡಾಗಿಸಿಕೊಳ್ಳುತ್ತಾನೆ.

ವೈದ್ಯನು ನಾಡಿ ಹಿಡಿಯುವಂತೆ ಬಲ್ಲವರು ಹೊಗೆಯ ಬಣ್ಣವನ್ನು ನೋಡುತ್ತಾರೆ. ಹೊಗೆ ಕಪ್ಪಾದರೆ ಎಂಜಿನಿಗೆ ಹೊರೆ ಹೆಚ್ಚಾಗಿದೆ, ಇಲ್ಲವೆ ಗಾಳಿ ಸಾಲುತ್ತಿಲ್ಲ. ನೀಲಿಯಾದರೆ ಕೀಲೆಣ್ಣೆ ಉರಿಯುತ್ತಿದೆ. ಬಿಳಿಯಾದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲ ಅಥವಾ ನೀರು ಒಳಗೆ ನುಗ್ಗಿದೆ.

ಎರಡನೆಯದು ತಂಪಿನ ಪ್ರಶ್ನೆ. ಸುತ್ತಲೂ ನೀರೇ ನೀರು, ಆದರೂ ಎಂಜಿನು ಬಾಯಾರಿ ಕಾಯುತ್ತದೆ. ಬೋಟಿನ ಅಡಿಯ ರಂಧ್ರದಿಂದ ಒಳಗೆ ಬಂದ ಕಡಲ ನೀರನ್ನು ಪಂಪು ಎಂಜಿನಿನ ಸುತ್ತ ಹಾಯಿಸಿ ಹೊರಗೆ ಚೆಲ್ಲುತ್ತದೆ. ಯಾರೋ ದಡದಲ್ಲಿ ಎಸೆದ ಪ್ಲಾಸ್ಟಿಕ್ ಚೀಲವೊಂದು ಆ ರಂಧ್ರಕ್ಕೆ ಅಂಟಿಕೊಂಡರೆ ಸಾಕು, ನೀರು ನಿಲ್ಲುತ್ತದೆ; ನೀರಿಲ್ಲದೆ ತಿರುಗಿದ ಪಂಪಿನ ರಬ್ಬರು ಚಕ್ರ ಸ್ವಲ್ಪ ಹೊತ್ತಿನಲ್ಲಿ ಹರಿದುಹೋಗುತ್ತದೆ. ಮಗ್ಗುಲಿನಿಂದ ಹೊರಬೀಳುವ ನೀರಿನ ಧಾರೆಯ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂದು ಹಿರಿಯರು ಹೊಸ ಕಲಾಸಿಗಳಿಗೆ ಹೇಳುವುದು ಇದಕ್ಕಾಗಿ. ಕಾದ ಎಂಜಿನಿನ ಮುಚ್ಚಳವನ್ನು ಒಡನೆಯೇ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ತಣ್ಣೀರು ಸುರಿದರೆ ಎರಕದ ಕಬ್ಬಿಣ ಬಿರಿಯುತ್ತದೆ. ಇಲ್ಲಿಯೂ ಬೇಕಾದುದು ತಾಳ್ಮೆ.

ಮೂರನೆಯದು, ನೀರಿನಡಿಯ ತೊಡಕು. ನಮ್ಮ ಬೋಟಿನವರು ಫ್ಯಾನು ಎಂದು ಕರೆಯುವ ಹಿಂಬದಿಯ ರೆಕ್ಕೆಗೆ ಹಗ್ಗವೋ ಹರಕು ಬಲೆಯೋ ಸುತ್ತಿಕೊಳ್ಳುತ್ತದೆ. ಎಂಜಿನಿನ ಬಲದಿಂದ ಬಿಡಿಸಲು ಹೊರಟರೆ ನೈಲಾನು ಬಿಸಿಗೆ ಕರಗಿ ದಂಡದ ಸುತ್ತ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಒಬ್ಬನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಚೂರಿ ಹಿಡಿದು ಮುಳುಗಬೇಕಾಗುತ್ತದೆ. ಅವನು ನೀರಿನಲ್ಲಿರುವಷ್ಟು ಹೊತ್ತೂ ಎಂಜಿನನ್ನು ಯಾರೂ ಮುಟ್ಟದಂತೆ ಒಬ್ಬನು ಕಾವಲಿರಬೇಕು. ಅಲೆ ಜೋರಾಗಿದ್ದರೆ ಇಳಿಯಲೇಬಾರದು. ಮೇಲೆದ್ದು ಕೆಳಗೆ ಬಡಿಯುವ ಬೋಟಿನ ಹಿಂಭಾಗ ಟನ್ನುಗಟ್ಟಲೆ ತೂಗುತ್ತದೆ, ಮನುಷ್ಯನ ತಲೆ ಅದರ ಅಡಿಯಲ್ಲಿರುತ್ತದೆ.

ಆ ದಂಡವು ಬೋಟಿನೊಳಗಿನಿಂದ ಹೊರಗೆ ಹೋಗುವ ತೂತಿನಲ್ಲೊಂದು ವಿಚಿತ್ರವಿದೆ. ಮೇಣ ಸವರಿದ ಹುರಿಯನ್ನು ಅಲ್ಲಿ ತುರುಕಿ ಬಿಗಿದಿರುತ್ತಾರೆ. ಹಳೆಯ ಪದ್ಧತಿಯ ಈ ಬಿಗಿತದಿಂದ ಓಡುವಾಗ ಹನಿಹನಿಯಾಗಿ ನೀರು ಒಸರಬೇಕು. ಆ ಹನಿಯೇ ದಂಡವನ್ನು ತಂಪಾಗಿ ಇಡುತ್ತದೆ. ಒಂದು ಹನಿಯೂ ಬಾರದಂತೆ ಬಿಗಿದರೆ ದಂಡ ಕಾದು ಸವೆಯುತ್ತದೆ, ಸಡಿಲ ಬಿಟ್ಟರೆ ಬೋಟು ತುಂಬುತ್ತದೆ. ಬೇಕಾದ ಸೋರಿಕೆಯಾವುದು, ಬೇಡದ ಸೋರಿಕೆಯಾವುದು ಎಂಬ ವಿವೇಕ ಕೈಗೆ ಬರುವುದು ವರ್ಷಗಳ ಬಳಕೆಯಿಂದ.

ಇಷ್ಟೆಲ್ಲ ಮಾಡಿಯೂ ಎಂಜಿನು ಹೊರಡದಿದ್ದರೆ? ಆಗ ಕೂಗಬೇಕು. ಬೋಟಿನ ರೇಡಿಯೊದಲ್ಲಿ ಆಪತ್ತಿನ ಕರೆಗೆಂದೇ ಮೀಸಲಾದ ಹದಿನಾರನೆಯ ಚಾನೆಲು ಇದೆ. ಕರಾವಳಿ ರಕ್ಷಣಾ ಪಡೆಯ ದೂರವಾಣಿ 1554 ಇದೆ. ಆದರೆ ಮೊಬೈಲಿನ ಸಂಪರ್ಕ ದಡದಿಂದ ದೂರ ಹೋದಂತೆ ಕಡಿದುಹೋಗುತ್ತದೆ. ಇಸ್ರೋ ಸಂಸ್ಥೆ ಮೀನುಗಾರರಿಗಾಗಿ ರೂಪಿಸಿದ ಆಪತ್ಸೂಚಕ ಉಪಕರಣ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಬೋಟು ಇರುವ ಜಾಗದ ವಿವರ ಉಪಗ್ರಹಕ್ಕೆ ಏರಿ, ಕಡಲನ್ನೇ ಕಾಣದ ಬೆಂಗಳೂರಿನ ಕೇಂದ್ರಕ್ಕೆ ಇಳಿದು, ಅಲ್ಲಿಂದ ರಕ್ಷಣಾ ಪಡೆಗೆ ತಲುಪುತ್ತದೆ. ಅದರ ಎರಡನೆಯ ತಲೆಮಾರಿನ ಉಪಕರಣ ‘ನಿಮ್ಮ ಕರೆ ತಲುಪಿತು’ ಎಂಬ ಉತ್ತರವನ್ನೂ ಬೋಟಿಗೆ ಹಿಂದಿರುಗಿಸುತ್ತದೆ. ಈ ಉತ್ತರದ ಬೆಲೆ ಏನೆಂದು ಕತ್ತಲೆಯಲ್ಲಿ ತೇಲುತ್ತಿರುವವನೇ ಹೇಳಬಲ್ಲ.

ಸುದ್ದಿಯಿಲ್ಲದಿರುವುದು ಎಂಥದೆಂಬುದನ್ನು ನಮ್ಮ ಕರಾವಳಿ ಮರೆತಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಜನರೊಡನೆ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಎರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಗುರುತಿಸಿದ್ದು 2019ರ ಮೇ ತಿಂಗಳಲ್ಲಿ. ನಡುವಣ ನಾಲ್ಕು ತಿಂಗಳಿಗೂ ಮಿಕ್ಕ ಕಾಲ ಏಳು ಮನೆಗಳು ಅಳುವಂತೆಯೂ ಇರಲಿಲ್ಲ, ನಂಬುವಂತೆಯೂ ಇರಲಿಲ್ಲ.

ಆದರೂ ಕೂಗುವುದು ಸುಲಭವಲ್ಲ. ಮೀನು ಇನ್ನೂ ತುಂಬಿಲ್ಲ, ಡೀಸೆಲಿನ ಸಾಲ ತೀರಬೇಕು, ಮಂಜುಗಡ್ಡೆ ಕರಗುತ್ತಿದೆ. ಇನ್ನೊಂದು ಗಂಟೆ ಪ್ರಯತ್ನಿಸೋಣ ಎಂಬ ಆಸೆ ತಾಂಡೇಲನನ್ನು ಹಿಡಿದಿಡುತ್ತದೆ. ನೆರವಿಗೆ ಬರುವ ಬೋಟೂ ತನ್ನ ಬಲೆಯನ್ನು ಎತ್ತಿ, ತನ್ನ ದಿನದ ದುಡಿಮೆಯನ್ನು ಬಿಟ್ಟು ಬರಬೇಕೆಂಬ ಸಂಕೋಚ ಬೇರೆ. ಆ ಒಂದು ಗಂಟೆಯಲ್ಲಿ ಹಗಲು ಮುಗಿಯಬಹುದು, ಗಾಳಿ ಏಳಬಹುದು. ಯಾವ ಗಳಿಗೆಯಲ್ಲಿ ಪ್ರಯತ್ನವನ್ನು ಬಿಟ್ಟು ನೆರವು ಕೇಳಬೇಕೆಂಬ ತೀರ್ಮಾನವೇ ಎಲ್ಲ ರಿಪೇರಿಗಳಿಗಿಂತ ಕಠಿಣವಾದ ಕೆಲಸ. ಎಂಟು ಹತ್ತು ಜನರ ಪ್ರಾಣ ಅದರ ಮೇಲೆ ನಿಂತಿರುತ್ತದೆ.

ಕೆಟ್ಟ ಬೋಟನ್ನು ಕಟ್ಟಿ ಎಳೆದು ತರುವುದೂ ಒಂದು ವಿದ್ಯೆ. ಹಗ್ಗ ಉದ್ದವಾಗಿರಬೇಕು, ಎರಡು ಬೋಟುಗಳೂ ಒಟ್ಟಿಗೆ ಅಲೆಯೇರಿ ಒಟ್ಟಿಗೆ ಇಳಿಯುವಂತಿದ್ದರೆ ಹಗ್ಗಕ್ಕೆ ಜಗ್ಗಾಟ ಕಡಮೆ. ನಡುವೆ ಒಂದು ಭಾರವನ್ನು ತೂಗುಬಿಟ್ಟರೆ ಅದು ಸ್ಪ್ರಿಂಗಿನಂತೆ ಹೊಡೆತವನ್ನು ನುಂಗುತ್ತದೆ. ಬಿಗಿದ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ತುಂಡಾದ ಹಗ್ಗ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ. ಕೊನೆಯ ಪರೀಕ್ಷೆ ಅಳಿವೆಯಲ್ಲಿ. ಹೊಳೆಯ ನೀರೂ ಕಡಲ ಅಲೆಯೂ ಎದುರುಬದುರಾಗುವ ಆ ಬಾಯಲ್ಲಿ, ಇಳಿತದ ಹೊತ್ತು ಬೇರೆಯಾದರೆ, ಅಲೆಗಳು ಕಡಿದಾಗಿ ಏಳುತ್ತವೆ. ಅಲ್ಲಿ ಹಗ್ಗವನ್ನು ಗಿಡ್ಡಮಾಡಿ, ಉಬ್ಬರ ನೋಡಿ, ಮೆಲ್ಲಗೆ ಒಳಗೆ ತರಬೇಕು. ಮನೆ ಕಾಣುವಷ್ಟು ಹತ್ತಿರದಲ್ಲಿ ಅವಘಡಗಳಾಗುವುದು ಈ ಅಳಿವೆಗಳಲ್ಲಿಯೇ.

ಬಾಯಾರಿದಾಗ ಬಾವಿ ತೋಡಬಾರದೆಂಬುದು ನಮ್ಮ ಗಾದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವ 61 ದಿನಗಳು ಬಾವಿ ತೋಡುವ ದಿನಗಳು. ಟ್ಯಾಂಕು ತೊಳೆಯುವುದು, ಹುರಿ ಬದಲಿಸುವುದು, ಅಡಿಗೆ ಬಣ್ಣ ಬಳಿಯುವುದು, ಉಪ್ಪುನೀರು ಬೋಟಿನ ಲೋಹವನ್ನು ತಿನ್ನುವ ಬದಲು ತನ್ನನ್ನೇ ತಿನ್ನಲೆಂದು ಕೂರಿಸುವ ಸತುವಿನ ತುಂಡನ್ನು ಹೊಸದಾಗಿ ಹಾಕುವುದು, ಇವೆಲ್ಲ ಆಗ ನಡೆಯಬೇಕು. ಒಂದು ಸೋಸಕ, ಒಂದು ರಬ್ಬರು ಚಕ್ರ, ಒಂದು ಬೆಲ್ಟು ಪೆಟ್ಟಿಗೆಯಲ್ಲಿದ್ದರೆ ಅದರ ಬೆಲೆ ದಡದಲ್ಲಿ ಕೆಲವು ನೂರು ರೂಪಾಯಿಯೋ ಸಾವಿರವೋ ಇರಬಹುದು. ಕಡಲಿನಲ್ಲಿ ಅದಕ್ಕೆ ಬೆಲೆ ಕಟ್ಟುವವರಿಲ್ಲ. ನೂಲಹುಣ್ಣಿಮೆಯ ದಿನ ಮೊಗವೀರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುತ್ತಾರೆ. ಬಲ್ಲ ತಾಂಡೇಲನು ಆ ಪೂಜೆಯನ್ನೂ ಬಿಡುವುದಿಲ್ಲ, ಪೆಟ್ಟಿಗೆಯೊಳಗಿನ ಸೋಸಕವನ್ನೂ ಮರೆಯುವುದಿಲ್ಲ. ಮಾರುಕಟ್ಟೆಯಲ್ಲಿ ಮೀನಿನ ಬೆಲೆ ಕೇಳಿ ಹುಬ್ಬೇರಿಸುವ ನಾವು, ಆ ಬೆಲೆಯೊಳಗೆ ಈ ಎಚ್ಚರದ ಪಾಲೂ ಇದೆಯೆಂದು ತಿಳಿದರೆ ನ್ಯಾಯವಾದೀತು.