‘ಸೆಟ್’ ಎಂದರೆ ಬರೀ ಇಡುವುದಲ್ಲ!

ಸೋದರಿಯರೇ, ‘ಸೆಟ್’ ಎಂದರೆ ಇಡು ಎಂದು ನಾನೇ ಮಗಳಿಗೆ ಹೇಳಿಕೊಟ್ಟಿದ್ದೆ. ಅವಳು ‘ಸೂರ್ಯ ಪಶ್ಚಿಮದಲ್ಲಿ ಇಡುತ್ತಾನೆ’ ಎಂದು ಬರೆದು ತರಗತಿಯಲ್ಲಿ ನಗೆಪಾಟಲಾದಳು. ಆಮೇಲೆ ವಾರವಿಡೀ ನನ್ನ ಹತ್ತಿರ ಪುಸ್ತಕವನ್ನೇ ತರಲಿಲ್ಲ ನೋಡಿ!

ಸೂರ್ಯನಿಗಾದರೆ ಮುಳುಗು, ಮೊಸರಿಗೆ ಹೆಪ್ಪುಗಟ್ಟು, ಮುರಿದ ಮೂಳೆಗೆ ಕೂಡಿಸು, ಉಂಗುರದ ಹರಳಿಗೆ ಕೂರಿಸು. ಇಡು ಅನ್ನೋದಕ್ಕೆ ‘ಪುಟ್’, ‘ಪ್ಲೇಸ್’ ಕೂಡ ಇವೆ. ಆದರೆ ಸೂರ್ಯನ ಪಕ್ಕ ಅವು ನಿಲ್ಲಲಾರವು. 1989ರ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದನೆಯ ವಿವರಣೆ ಈ ಪುಟ್ಟ ಪದದ್ದೇ!

ನಮ್ಮ ‘ಹಾಕು’ ಏನು ಕಡಿಮೆಯೇ? ಬೀಗ ಹಾಕು, ರಂಗೋಲಿ ಹಾಕು, ಕೋಳಿ ಮೊಟ್ಟೆ ಹಾಕಿತು. ಹೀಗೆಂದ ಮೇಲೆ ಮಗಳಿಗೂ ನಗು ಬಂತು. ಅರ್ಥಗಳ ಪಟ್ಟಿ ಉರುಹೊಡೆಸಬೇಡಿ. ವಾಕ್ಯ ಓದಿಸಿ, ಪಕ್ಕದ ಪದ ನೋಡಿಸಿ. ನಿನ್ನೆ ಅವಳೇ ‘ಗೆಟ್’ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಒಲೆಯ ಮೇಲೆ ಸಾರು ಕುದೀತಿತ್ತು, ಕುದೀಲಿ ಅಂತ ಕೂತೆ.