ನಿಮಗಿದು ಗೊತ್ತೆ? ಪ್ರೇಮಭಂಗದಲ್ಲಿ ಹುಟ್ಟಿದ ರಕ್ತಪಿಪಾಸು

ಡ್ರಾಕುಲಾ ಬಂದದ್ದು 1897ರಲ್ಲಿ. ಅದಕ್ಕೂ 78 ವರ್ಷ ಮೊದಲೇ, ಔತಣಕೂಟಗಳಲ್ಲಿ ಹೆಂಗಳೆಯರ ಮನಸೂರೆಗೊಂಡು ಆಮೇಲೆ ರಕ್ತ ಹೀರುವ ಶ್ರೀಮಂತನೊಬ್ಬ ಇಂಗ್ಲಿಷ್ ಸಾಹಿತ್ಯದಲ್ಲಿ ಕಾಣಿಸಿಕೊಂಡಿದ್ದ. ಜಾನ್ ಪೊಲಿಡೋರಿ ಬರೆದ ‘ದಿ ವ್ಯಾಂಪೈರ್’ ಕಥೆಯ ಲಾರ್ಡ್ ರುತ್ವೆನ್ ಆತ.

ಆ ಹೆಸರು ಬಂದದ್ದು ಒಂದು ಸೇಡಿನಿಂದ. ಕವಿ ಲಾರ್ಡ್ ಬೈರನ್ ಪ್ರೀತಿಸಿ ಕೈಬಿಟ್ಟ ಲೇಡಿ ಕ್ಯಾರೊಲಿನ್ ಲ್ಯಾಂಬ್, 1816ರಲ್ಲಿ ‘ಗ್ಲೆನಾರ್ವನ್’ ಎಂಬ ಕಾದಂಬರಿ ಪ್ರಕಟಿಸಿದಳು. ಹಿನ್ನೆಲೆ 1798ರ ಐರಿಷ್ ಬಂಡಾಯ. ಪಾತ್ರಗಳು ಮಾತ್ರ ಲಂಡನ್ನಿನ ಗಣ್ಯರೇ, ಹೆಸರಷ್ಟೇ ಬೇರೆ. ಬೈರನ್‌ನನ್ನು ಹೋಲುವ ಖಳನಾಯಕ ರುತ್ವೆನ್ ಮನೆತನದವನು! ಆಕೆಯ ಗಂಡ ವಿಲಿಯಂ ಲ್ಯಾಂಬ್ ರಾಜಕಾರಣಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದವನು. ಮನೆಯ ಗುಟ್ಟು ಹೀಗೆ ಬೀದಿಗೆ ಬಂದರೂ ದಂಪತಿ ಬೇರೆಯಾದದ್ದು 1825ರಲ್ಲಿ.

ಪೊಲಿಡೋರಿ ಬೈರನ್‌ನ ಖಾಸಗಿ ವೈದ್ಯನಾಗಿದ್ದವನು. ಇಬ್ಬರಿಗೂ ಸರಿಹೊಂದದೆ ಕೆಲಸ ಕಳೆದುಕೊಂಡ. ಕ್ಯಾರೊಲಿನ್ ಕೊಟ್ಟ ಹೆಸರನ್ನೇ ತನ್ನ ಪಿಶಾಚಿಗೂ ಇಟ್ಟ.

ತಮಾಷೆಯೆಂದರೆ, 1819ರಲ್ಲಿ ‘ನ್ಯೂ ಮಂತ್ಲಿ ಮ್ಯಾಗಜೀನ್’ ಆ ಕಥೆಯನ್ನು ಅಚ್ಚುಹಾಕಿದ್ದು ಬೈರನ್ ಹೆಸರಿನಲ್ಲಿ. ತನ್ನದಲ್ಲ ಎಂದು ಬೈರನ್, ತನ್ನದೇ ಎಂದು ಪೊಲಿಡೋರಿ ಪತ್ರ ಬರೆದರು. ಮರುವರ್ಷವೇ ರುತ್ವೆನ್ ಪ್ಯಾರಿಸ್ಸಿನ ರಂಗಮಂಚ ಏರಿದ.